ಗಾಳಿಯನ್ನು ತಿಂದ ಮಣ್ಣು

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಾಗಲಿ, ಹೊಸನಗರ, ಸಾಗರದ ಕಡೆಯ ಯಾವುದೇ ಊರಲ್ಲಾಗಲಿ ಬಾವಿ ತೋಡುವವರಿಗೆ ನೆಲದೊಳಗಿನ ಕ್ರಮ ಬಾಯಿಪಾಠವಾಗಿರುತ್ತದೆ. ಮೇಲೆ ದರಗು ಕೊಳೆತ ಕಪ್ಪು ಮಣ್ಣು, ಗೇಣೋ ಮೊಳವೋ. ಅದರಡಿ ಕೆಮ್ಮಣ್ಣು. ಆಮೇಲೆ ಗುದ್ದಲಿಗೆ ಜಗ್ಗದ, ಪಿಕಾಸಿಗೆ ಮಾತ್ರ ಬಗ್ಗುವ ಜಂಬಿಟ್ಟಿಗೆ. ಅದನ್ನು ದಾಟಿದರೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳು ಕಲಸಿಕೊಂಡ, ಕೈಗೆ ನುಣ್ಣಗೆ ಜಾರುವ ಶೇಡಿ. ‘ಶೇಡಿ ಬಂತು ಹೆಗ್ಡೇರೇ, ಇನ್ನು ರಿಂಗ್ ಇಳಿಸದೇ ಇದ್ರೆ ಕುಸೀತದೆ’ ಎಂಬ ಮಾತು ಬರುವುದು ಈ ಹಂತದಲ್ಲಿ. ಇನ್ನೂ ಇಳಿದರೆ ಅರೆಕಲ್ಲು. ಕೊನೆಗೆ ಹಾರೆಯನ್ನೇ ಹಿಂದಕ್ಕೆ ಚಿಮ್ಮಿಸುವ ಬಂಡೆ.

ಮೇಲಿನಿಂದ ಕೆಳಗಿನವರೆಗೂ ಇದು ಬಹುಮಟ್ಟಿಗೆ ಒಂದೇ ಕಲ್ಲು. ತಳದ ಬಂಡೆ ಕೊಳೆತು ಶೇಡಿಯಾಗಿದೆ. ಶೇಡಿಯಲ್ಲಿ ಕಬ್ಬಿಣ ಕಟ್ಟಿಕೊಂಡು ಜಂಬಿಟ್ಟಿಗೆಯಾಗಿದೆ. ಜಂಬಿಟ್ಟಿಗೆ ಪುಡಿಯಾಗಿ ಕೆಮ್ಮಣ್ಣಾಗಿದೆ. ಕಲ್ಲು ಹೀಗೆ ಕೊಳೆಯಲು ಬರೀ ನೀರು ಸಾಲದು. ಮಳೆನೀರಿಗೆ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಬೆರೆತು ತುಸು ಹುಳಿಯಾಗಬೇಕು. ಕಬ್ಬಿಣ ಕೆಂಪಗಾಗಲು ಆಮ್ಲಜನಕ ಬೇಕು. ಅಂದರೆ ಬಾವಿಯ ಗೋಡೆಯಲ್ಲಿ ಗಾಳಿಗೂ ಬಂಡೆಗೂ ನಡೆದ ಕೊಡುಕೊಳೆಯ ಲೆಕ್ಕವಿದೆ. ಭೂಮಿಯ ಹಿಂದಿನ ಕಾಲದ ಪರಿಸರ ಹೇಗಿತ್ತೆಂದು ತಿಳಿಯಲು ಡೈನೋಸಾರ್ ಮೂಳೆ ಹುಡುಕಿಕೊಂಡು ಮಲೆನಾಡಿಗೆ ಬಂದವರು ಬರಿಗೈಲಿ ಹೋಗಬೇಕಾಗುತ್ತದೆ. ಅಂಥ ಮೂಳೆ ಉಳಿಯಬಲ್ಲ ಪದರಗಳು ಇಲ್ಲಿಲ್ಲ. ಹಳೆಯ ಗಾಳಿ ಹೇಗಿತ್ತು, ಹಳೆಯ ಮಳೆ ಹೇಗಿತ್ತು ಎಂದು ಕೇಳುವವರಿಗಾದರೆ ಈ ಸೀಮೆಯಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ.

ತಳದಿಂದಲೇ ಶುರು ಮಾಡೋಣ. ಈ ಮೂರೂ ತಾಲ್ಲೂಕುಗಳ ಬಹುಭಾಗ ಕೂತಿರುವುದು ಕಪ್ಪು ಬಿಳಿ ಪಟ್ಟೆಗಳು ಬಳುಕಿಕೊಂಡು ಓಡುವ ನೈಸ್ ಶಿಲೆಯ ಮೇಲೆ. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ್ದೂ ಇದೇ ಬಳಗದ ಕಲ್ಲು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಇದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ವಯಸ್ಸು ಸುಮಾರು 300 ಕೋಟಿ ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು. ಭೂಮಿಯ ಒಟ್ಟು ವಯಸ್ಸೇ 454 ಕೋಟಿ ವರ್ಷ. ಮೇಳಿಗೆಯ ಅನಂತನಾಥ ಬಸದಿ 17ನೇ ಶತಮಾನದ್ದೆಂದು ನಾವು ಅದನ್ನು ಹಳೆಯದು ಅನ್ನುತ್ತೇವೆ; ಬಸದಿಯ ಕೆಳಗಿನ ನೆಲಕ್ಕೆ ಆ ನಾಲ್ಕು ಶತಮಾನ ಲೆಕ್ಕಕ್ಕೇ ಇಲ್ಲ.

ಈ ಬಂಡೆ ಹುಟ್ಟಿದ ಕಾಲಕ್ಕೆ ಯಾರಾದರೂ ಹೋಗಿ ನಿಂತರೆ ಕೆಲವೇ ನಿಮಿಷದಲ್ಲಿ ಉಸಿರು ನಿಲ್ಲುತ್ತದೆ. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಸಾರಜನಕ, ಇಂಗಾಲದ ಡೈಆಕ್ಸೈಡ್, ಮೀಥೇನ್ ತುಂಬಿದ ಗಾಳಿ ಅದು. ಮೀಥೇನ್ ಹೆಚ್ಚಾದಾಗ ಆಕಾಶಕ್ಕೆ ಕಿತ್ತಳೆ ಬಣ್ಣದ ಮಬ್ಬು ಕವಿದಿದ್ದಿರಬಹುದು ಎಂಬುದು ಒಂದು ಊಹೆ. ಕರಗಿದ ಕಬ್ಬಿಣದಿಂದ ಸಮುದ್ರಕ್ಕೆ ಹಸಿರು ಛಾಯೆ ಇದ್ದಿರಬೇಕು. ಗುಡ್ಡಗಳೆಲ್ಲ ಬೋಳು, ಹುಲ್ಲು, ಹಾವಸೆ, ಜರಿಗಿಡ ಯಾವುದೂ ಇಲ್ಲ. ನೆಲದ ಮೇಲೆ ಗಿಡ ಕಾಣಿಸಿಕೊಂಡದ್ದೇ 47 ಕೋಟಿ ವರ್ಷಗಳಿಂದೀಚೆಗೆ. ಸೂರ್ಯನ ಪ್ರಖರತೆ ಈಗಿನ ಶೇ 80ರ ಆಸುಪಾಸು. ಅಷ್ಟು ಮಂಕು ಸೂರ್ಯನಿಗೆ ಭೂಮಿಯ ನೀರೆಲ್ಲ ಹೆಪ್ಪುಗಟ್ಟಬೇಕಿತ್ತು. ಹಾಗಾಗದೆ ಉಳಿದದ್ದು ಅದೇ ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳ ಹೊದಿಕೆಯಿಂದ. ದಿನ ಕೂಡ ಚಿಕ್ಕದು. ಆಸ್ಟ್ರೇಲಿಯಾದ 246 ಕೋಟಿ ವರ್ಷ ಹಳೆಯ ಕಬ್ಬಿಣದ ಶಿಲೆಯ ಪಟ್ಟೆಗಳನ್ನು ಲೆಕ್ಕಹಾಕಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆಗ ದಿನಕ್ಕೆ ಸುಮಾರು 17 ತಾಸು, ಚಂದ್ರ ಇದ್ದದ್ದು ಸುಮಾರು 3.2 ಲಕ್ಷ ಕಿಲೋಮೀಟರ್ ದೂರದಲ್ಲಿ. ಈಗ ಅವನು 3.84 ಲಕ್ಷ ಕಿಲೋಮೀಟರ್ ದೂರದಲ್ಲಿದ್ದಾನೆ, ವರ್ಷಕ್ಕೆ 3.8 ಸೆಂಟಿಮೀಟರಿನಂತೆ ಇನ್ನೂ ಸರಿಯುತ್ತಿದ್ದಾನೆ.

ಆಮ್ಲಜನಕ ಇರಲಿಲ್ಲ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ಸಾಕ್ಷಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಬುಡದಲ್ಲಿ ಕಳಸಾಪುರದ ಕಡೆ ಇದೆ, ಘಟ್ಟದ ಕೆಳಗೆ ವಾಲ್ಕುಂಜಿಯಲ್ಲೂ ಇದೆ. ಅಲ್ಲಿ ಬಹಳ ಹಿಂದಿನ ಹೊಳೆಯೊಂದು ಉರುಳಿಸಿ ತಂದ ಬೆಣಚುಕಲ್ಲುಗಳು ಒಟ್ಟಾಗಿ ಗಟ್ಟಿಯಾದ ಪದರಗಳಿವೆ. ಆ ಬೆಣಚುಕಲ್ಲುಗಳ ಸಂದಿಯಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಎಂಬ ಖನಿಜಗಳ ಕಾಳುಗಳು ಸಿಕ್ಕಿವೆ. ಪೈರೈಟ್ ಕಬ್ಬಿಣ, ಗಂಧಕ ಸೇರಿದ್ದು. ಯುರೇನಿನೈಟ್ ಯುರೇನಿಯಂನ ಆಕ್ಸೈಡ್. ಇವತ್ತಿನ ತುಂಗೆಯಲ್ಲೋ ಶರಾವತಿಯಲ್ಲೋ ಇಂಥ ಕಾಳು ಬಿದ್ದರೆ ಪೈರೈಟ್ ತುಕ್ಕಾಗಿ ಕರಗುತ್ತದೆ, ಯುರೇನಿಯಂ ನೀರಿನ ಪಾಲಾಗುತ್ತದೆ. ಅವು ಹೊಳೆಯಲ್ಲಿ ಉರುಳಿ, ಅಂಚು ಸವೆದು ದುಂಡಗಾದರೂ ಕೆಡದೆ ಉಳಿದಿವೆ ಎಂದರೆ ಆ ನೀರಿನಲ್ಲಿ, ಅದರ ಮೇಲಿನ ಗಾಳಿಯಲ್ಲಿ ಅವನ್ನು ಕೆಡಿಸುವ ಆಮ್ಲಜನಕ ಇರಲಿಲ್ಲ. ಇಷ್ಟು ಸಣ್ಣ ಕಾಳು ಇಡೀ ಭೂಮಿಯ ವಾತಾವರಣದ ಬಗ್ಗೆ ಇಷ್ಟು ದೊಡ್ಡ ಮಾತು ಹೇಳುತ್ತದೆ ಎಂಬುದು ನನಗೆ ಭೂವಿಜ್ಞಾನದಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದ ಸಂಗತಿ. ಅದೇ ಬಾಬಾಬುಡನ್ ಶಿಲೆಗಳಲ್ಲಿ ನೀರಿನ ಅಲೆ ಮರಳಿನ ಮೇಲೆ ಮೂಡಿಸಿದ ಗೆರೆಗಳೂ ಇವೆ. ದಕ್ಷಿಣ ಆಫ್ರಿಕಾದಲ್ಲಿ 270 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಯ ಬೂದಿಯ ಮೇಲೆ ಬಿದ್ದ ಮಳೆಹನಿಗಳ ಗುಳಿಗಳು ಕಲ್ಲಾಗಿ ಉಳಿದಿವೆ. ಮಳೆ ಈಗಿನಂತೆಯೇ ಬೀಳುತ್ತಿತ್ತು. ಬಿದ್ದು ಹರಿದ ಮೇಲೆ ನೆಲದಲ್ಲಿ ಆಗುತ್ತಿದ್ದುದು ಬೇರೆ.

ಏನಾಗುತ್ತಿತ್ತು ಎಂದರೆ, ಕಬ್ಬಿಣ ತೊಳೆದುಹೋಗುತ್ತಿತ್ತು. ಆಮ್ಲಜನಕ ಸಿಕ್ಕಿದ ಕಬ್ಬಿಣ ತುಕ್ಕಾಗಿ ಇದ್ದಲ್ಲೇ ಕೂರುತ್ತದೆ, ನೀರಿಗೆ ಕರಗುವುದಿಲ್ಲ. ಆಮ್ಲಜನಕ ಇಲ್ಲದಿದ್ದರೆ ಕರಗಿ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಹಾಗಾಗಿ ಆ ಕಾಲದ ಮಣ್ಣು ಬಿಳಿಚಿಕೊಂಡ ಬೂದು ಬಣ್ಣದ್ದು. ದೀವರ ಮನೆಗಳ ಗೋಡೆಗೆ ಬಳಿದು ಹಸೆ ಚಿತ್ತಾರ ಬರೆಯುವ ಕೆಮ್ಮಣ್ಣು ಈ ಭೂಮಿಯ ಮೇಲೆ ಅರ್ಧ ಆಯಸ್ಸಿನವರೆಗೆ ಇರಲೇ ಇಲ್ಲ.

ಸಮುದ್ರ ಸೇರಿದ ಆ ಕಬ್ಬಿಣ ಎಲ್ಲಿ ಹೋಯಿತು ಎಂದು ನೋಡಬೇಕಾದರೆ ಕೊಡಚಾದ್ರಿ ಹತ್ತಬೇಕು. ಹೊಸನಗರ ತಾಲ್ಲೂಕಿನ ಈ 1,343 ಮೀಟರ್ ಎತ್ತರದ ಗುಡ್ಡ, ಕುದುರೆಮುಖ, ಬಾಬಾಬುಡನ್‌ಗಿರಿ ಎಲ್ಲವೂ ಧಾರವಾಡ ಶಿಲೆಗಳೆಂದು ಭೂವಿಜ್ಞಾನಿಗಳು ಕರೆಯುವ ಗುಂಪಿಗೆ ಸೇರಿದವು. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು ಅದು. ಸುಮಾರು 270 ಕೋಟಿ ವರ್ಷ ಹಿಂದಿನ ಲಾವಾ, ಮರಳು, ಕೆಸರು, ಕಬ್ಬಿಣದ ಪದರಗಳು ಒಂದರ ಮೇಲೊಂದು ಕೂತು, ಮಡಚಿ, ಎದ್ದು ನಿಂತಿವೆ. ಪಟ್ಟೆಗಬ್ಬಿಣದ ಶಿಲೆಯ ಒಂದು ತುಂಡನ್ನು ಕೈಗೆತ್ತಿಕೊಂಡರೆ ಮೊದಲು ಗೊತ್ತಾಗುವುದು ಭಾರ. ಅದೇ ಗಾತ್ರದ ಬೇರೆ ಕಲ್ಲಿಗಿಂತ ಕೈ ಹೆಚ್ಚು ಜಗ್ಗುತ್ತದೆ. ತೊಳೆದು ಬಿಸಿಲಿಗೆ ಹಿಡಿದರೆ ಕಪ್ಪು ಗೆರೆ, ಬಿಳಿ ಅಥವಾ ಇಟ್ಟಿಗೆಗೆಂಪಿನ ಗೆರೆ, ಮತ್ತೆ ಕಪ್ಪು ಗೆರೆ. ಕೆಲವು ಗೆರೆ ದಾರದಷ್ಟು ತೆಳ್ಳಗೆ, ಕೆಲವು ಬೆರಳಿನಷ್ಟು ದಪ್ಪ. ಕಪ್ಪು ಗೆರೆಗೆ ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟುತ್ತದೆ, ಪಕ್ಕದ ಬೆಣಚಿನ ಗೆರೆಗೆ ಅಂಟುವುದಿಲ್ಲ. ಒಂದೊಂದು ಕಪ್ಪು ಗೆರೆಯೂ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕ ಹಿಡಿದುಕೊಂಡು ತಳಕ್ಕೆ ಇಳಿದದ್ದು.

ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎಂದ ಮೇಲೆ ಕಡಲಲ್ಲಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಈ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಬಿಸಿಲು ಕುಡಿದು ಆಮ್ಲಜನಕ ಬಿಡುವ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಅಲ್ಲಲ್ಲಿ ನೆಲೆಯೂರಿದ್ದವು, ಅವು ಬಿಟ್ಟ ಆಮ್ಲಜನಕವನ್ನು ಗಾಳಿಗೆ ತಲುಪುವ ಮೊದಲೇ ಕಬ್ಬಿಣ ಕಬಳಿಸಿತು ಎನ್ನುವವರಿದ್ದಾರೆ. ಆಮ್ಲಜನಕದ ಹಂಗೇ ಇಲ್ಲದೆ ಬಿಸಿಲಿನ ಬಲದಿಂದ ನೇರವಾಗಿ ಕಬ್ಬಿಣವನ್ನು ತುಕ್ಕಾಗಿಸುವ ಬೇರೆ ಜಾತಿಯ ಬ್ಯಾಕ್ಟೀರಿಯಗಳ ಕೆಲಸ ಎನ್ನುವವರೂ ಇದ್ದಾರೆ. ಶಿವಮೊಗ್ಗ ಶಿಲಾಪಟ್ಟಿಯ ಡೋಲೊಮೈಟ್ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು, ಅಂದರೆ ಸೂಕ್ಷ್ಮಜೀವಿಗಳ ಲೋಳೆಪದರಗಳು ಒಂದರ ಮೇಲೊಂದು ಬೆಳೆದು ಕಲ್ಲಾದ ಗುಬುಟುಗಳು ಸಿಕ್ಕಿವೆ. ಕುಂಸಿಯ ಕಡೆ ಹಿಂದೆ ತೆಗೆಯುತ್ತಿದ್ದ ಮ್ಯಾಂಗನೀಸ್ ಅದಿರೂ ಇದೇ ಶಿಲಾಪಟ್ಟಿಯದು. ಮ್ಯಾಂಗನೀಸ್ ಕಬ್ಬಿಣಕ್ಕಿಂತ ಹಟಮಾರಿ, ಸುಮ್ಮನೆ ಆಮ್ಲಜನಕ ಹಿಡಿಯುವುದಿಲ್ಲ. ಅದು ಕಡಲ ತಳದಲ್ಲಿ ಕೂತಿದೆ ಎಂದರೆ ಆ ನೀರಿನಲ್ಲಿ ಆಗಲೇ ಒಂದಿಷ್ಟು ಆಮ್ಲಜನಕ ಆಡುತ್ತಿತ್ತು ಎಂದು ನಂಬುವ ಕಡೆಗೇ ನನ್ನ ಒಲವು. ಅಂತೂ ಗಾಳಿಯಲ್ಲಿ ಆಮ್ಲಜನಕ ನಿಂತದ್ದು 240 ಕೋಟಿ ವರ್ಷಗಳ ಆಸುಪಾಸಿನಲ್ಲಿ. ಅದೂ ಈಗಿನ ಶೇ 21ಕ್ಕೆ ಹೋಲಿಸಿದರೆ ತೀರಾ ಅಲ್ಪ.

ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಹಳೆಯ ಕಬ್ಬಿಣದ ಕಂಬವೊಂದಿದೆ. ಅದಕ್ಕೆ ಲೋಹಶಾಸ್ತ್ರಜ್ಞರಲ್ಲಿ ಒಳ್ಳೆಯ ಹೆಸರು, ಅಷ್ಟು ಮಳೆ ಮಂಜಿನಲ್ಲಿ ನಿಂತೂ ಹೆಚ್ಚು ತುಕ್ಕು ಹಿಡಿದಿಲ್ಲವೆಂದು. 270 ಕೋಟಿ ವರ್ಷದ ಹಿಂದೆ ಆಮ್ಲಜನಕ ಕಟ್ಟಿಕೊಂಡು ತಳಕ್ಕಿಳಿದ ಕಬ್ಬಿಣದಿಂದ ಇದ್ದಿಲಿನ ಬೆಂಕಿಯಲ್ಲಿ ಆ ಆಮ್ಲಜನಕವನ್ನು ಬಿಡಿಸುವುದಷ್ಟೇ ಕಮ್ಮಾರ ಮಾಡುವ ಕೆಲಸ. ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಗೆ ತಂದು 1923ರಿಂದ ದೊಡ್ಡ ಪ್ರಮಾಣದಲ್ಲಿ ಮಾಡಿದ್ದೂ ಇದನ್ನೇ.

ಇಲ್ಲಿಂದ ಮುಂದೆ ಮಲೆನಾಡಿನ ಕಡತದಲ್ಲಿ ಬಹಳ ಹಾಳೆಗಳು ಕಾಣೆಯಾಗಿವೆ. ಸುಮಾರು 250 ಕೋಟಿ ವರ್ಷದ ಹಿಂದಿನಿಂದ 9 ಕೋಟಿ ವರ್ಷದ ಹಿಂದಿನವರೆಗೆ ಇಲ್ಲಿ ಹೊಸ ಪದರ ಕೂತ ಕುರುಹು ಇಲ್ಲವೇ ಇಲ್ಲ ಅನ್ನಬಹುದು. ಅಷ್ಟರಲ್ಲಿ ಹೊರಗೆ ಏನೆಲ್ಲ ಆಗಿಹೋಯಿತು! 72 ಕೋಟಿಯಿಂದ 63 ಕೋಟಿ ವರ್ಷಗಳ ಹಿಂದಿನ ನಡುವೆ ಎರಡು ಸಲ ಹಿಮ ಸಮಭಾಜಕದವರೆಗೂ ಹರಡಿತು. ಮೀನು ಹುಟ್ಟಿತು, ಕಾಡು ಹುಟ್ಟಿತು. ಸುಮಾರು 30 ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ಆಮ್ಲಜನಕ ಶೇ 30ನ್ನು ಮುಟ್ಟಿತ್ತು. ಗರುಡನಷ್ಟಗಲ ರೆಕ್ಕೆಯಲ್ಲದಿದ್ದರೂ ಎರಡಡಿ ಅಗಲದ ರೆಕ್ಕೆಯ ಏರೋಪ್ಲೇನ್ ಚಿಟ್ಟೆಯಂಥ ಕೀಟಗಳು ಹಾರಾಡುತ್ತಿದ್ದವು. ಅದೇ ಹೊತ್ತಿಗೆ ಭಾರತ ದಕ್ಷಿಣ ಧ್ರುವದ ಬಳಿಯ ಗೊಂಡ್ವಾನ ಖಂಡದ ಭಾಗವಾಗಿ ಹಿಮದಡಿ ಇತ್ತು. ಆ ಹಿಮನದಿಗಳು ಹೊತ್ತು ತಂದ ಬಂಡೆಗಳು ಒಡಿಶಾದ ತಾಲ್ಚೇರ್‌ನಲ್ಲಿವೆ. ನಮ್ಮಲ್ಲಿ ಅಂಥದ್ದೇನೂ ಉಳಿದಿಲ್ಲ. ಇದ್ದದ್ದು ಸವೆದು ಹೋಗಿರಬೇಕು.

ಮತ್ತೆ ಹಾಳೆ ತೆರೆದುಕೊಳ್ಳುವುದು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ. ಆರು ಮೂಲೆಯ ಕಂಬಗಳಾಗಿ ಬಿರುಕುಬಿಟ್ಟ ಅಲ್ಲಿನ ಲಾವಾ ಶಿಲೆಗೆ ಸುಮಾರು 8.8 ಕೋಟಿ ವರ್ಷ. ಭಾರತದ ಪಶ್ಚಿಮ ಮಗ್ಗುಲಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾದ ಹೊತ್ತಿನ ಬೆಂಕಿ ಅದು. ಅಲ್ಲಿಯವರೆಗೆ ಮೇಳಿಗೆಯಿಂದ ಪಶ್ಚಿಮಕ್ಕೆ ಹೊರಟವನಿಗೆ ಕಡಲು ಸಿಗುತ್ತಿರಲಿಲ್ಲ; ನಮ್ಮದೇ ನೈಸ್ ಬಂಡೆಯ ಮುಂದುವರಿಕೆ ಈಗ ಮಡಗಾಸ್ಕರ್‌ನ ಈಶಾನ್ಯ ಅಂಚಿನಲ್ಲಿದೆ. ಆಗ ಈ ಜಾಗ ಇದ್ದದ್ದು ಸಮಭಾಜಕದಿಂದ ದಕ್ಷಿಣಕ್ಕೆ 30 ಡಿಗ್ರಿಗೂ ಆಚೆ. ಅಲ್ಲಿಂದ ಉತ್ತರಕ್ಕೆ ಹೊರಟ ಭಾರತ ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗೂ ಮೀರಿದ ವೇಗದಲ್ಲಿ ಚಲಿಸಿತು. ಖಂಡವೊಂದಕ್ಕೆ ಅದು ಓಟವೇ. 6.6 ಕೋಟಿ ವರ್ಷದ ಹಿಂದೆ ದಖ್ಖನ್ ಲಾವಾ ಉಕ್ಕಿ ಬೆಳಗಾವಿಯವರೆಗೆ ಹರಿಯಿತು, ನಮ್ಮ ತಾಲ್ಲೂಕುಗಳನ್ನು ಮುಟ್ಟಲಿಲ್ಲ.

ಕಡಲು ತೆರೆದುಕೊಂಡದ್ದರಿಂದಲೇ ನಮಗೆ ಘಟ್ಟ ಸಿಕ್ಕಿತು. ಒಡೆದ ಖಂಡದ ಅಂಚು ಎತ್ತರಕ್ಕೆ ಎದ್ದು ನಿಂತು, ಆಮೇಲೆ ಹೊಳೆಗಳು ಕೊರೆದು ಹಿಂದಕ್ಕೆ ಸರಿದು ಇವತ್ತಿನ ರೂಪಕ್ಕೆ ಬಂದಿದೆ. ಅದರ ಪರಿಣಾಮ ನಮ್ಮ ನೀರಿನ ದಾರಿಯಲ್ಲೇ ಕಾಣುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಪಶ್ಚಿಮದ ಕಡಲಿಗೆ ಸೇರುತ್ತದೆ. ಅದೇ ತಾಲ್ಲೂಕಿನಲ್ಲಿ ಹರಿಯುವ ತುಂಗೆ ಅಷ್ಟು ಹತ್ತಿರದ ಕಡಲಿಗೆ ಬೆನ್ನು ಹಾಕಿ, ಭದ್ರೆಯನ್ನೂ ಕೃಷ್ಣೆಯನ್ನೂ ಕೂಡಿಕೊಂಡು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಕ್ಕಪಕ್ಕದ ಎರಡು ಗುಡ್ಡದ ಮೇಲೆ ಬಿದ್ದ ಮಳೆ ಎರಡು ಬೇರೆ ಕಡಲು ಸೇರುವ ಊರು ಇದು.

ಈಗ ಜಂಬಿಟ್ಟಿಗೆಗೆ ಬರೋಣ, ಬಾವಿಯ ಗೋಡೆಯ ಮುಖ್ಯ ಭಾಗ ಅದೇ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಸಮಭಾಜಕ ದಾಟುತ್ತಿದ್ದಾಗ ಇಡೀ ಭೂಮಿಯೇ ಬಿಸಿಯಾಗಿತ್ತು. ಸರಾಸರಿ ತಾಪ ಕೈಗಾರಿಕೆಗಳ ಹಿಂದಿನ ಕಾಲಕ್ಕಿಂತ 10 ಡಿಗ್ರಿಗೂ ಹೆಚ್ಚು. ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 1,000 ಭಾಗಗಳನ್ನು ಮೀರಿದ್ದಿರಬಹುದು ಎಂಬ ಅಂದಾಜಿದೆ. ಧ್ರುವಗಳಲ್ಲಿ ಹಿಮದ ಹಾಸು ಇರಲಿಲ್ಲ. ಉತ್ತರ ಧ್ರುವದ ಹತ್ತಿರದ ಎಲ್ಸ್‌ಮಿಯರ್ ದ್ವೀಪದಲ್ಲಿ ಮೊಸಳೆಯ ಬಳಗದ ಪ್ರಾಣಿಗಳ ಪಳೆಯುಳಿಕೆ ಸಿಕ್ಕಿದೆ. ಅಂಟಾರ್ಕ್ಟಿಕಾದ ಕರಾವಳಿಯ ತಳದ ಕೆಸರಿನಿಂದ ತಾಳೆ ಕುಟುಂಬದ ಮರಗಳ ಪರಾಗ ತೆಗೆದಿದ್ದಾರೆ. ಅಡಿಕೆಯೂ ಅದೇ ಕುಟುಂಬದ್ದು. ಮಲೆನಾಡಿನವರಿಗೆ ಇದನ್ನು ಹೇಳಿದರೆ ಅಲ್ಲಿ ಕೊಳೆರೋಗ ಇತ್ತೋ ಇಲ್ಲವೋ ಎಂದು ಮೊದಲು ಕೇಳುತ್ತಾರೆ, ಅದಕ್ಕೆ ಪರಾಗದಲ್ಲಿ ಉತ್ತರವಿಲ್ಲ.

ನಮ್ಮ ಕಡೆ ಆಗ ಎಂಥ ಕಾಡಿತ್ತು ಎಂಬುದಕ್ಕೆ ಗುಜರಾತಿಗೆ ಹೋಗಬೇಕು. ಸೂರತ್ ಜಿಲ್ಲೆಯ ತಡ್ಕೇಶ್ವರದ ಲಿಗ್ನೈಟ್ ಗಣಿಗಳಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಅಂಬರು, ಅಂದರೆ ಕಲ್ಲಾದ ಮರದ ರಾಳ, ರಾಶಿರಾಶಿ ಸಿಗುತ್ತದೆ. ಒಳಗೆ ಜೇನುಹುಳ, ಇರುವೆ, ಗೆದ್ದಲು, ಜೇಡ ಸಿಕ್ಕಿಬಿದ್ದಿವೆ. 2010ರಲ್ಲಿ ಈ ರಾಳವನ್ನು ಪರೀಕ್ಷಿಸಿದವರು ಅದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳದ್ದೆಂದು ತೋರಿಸಿದರು. ನಮ್ಮ ಸಾಲುಧೂಪ ಅದೇ ಕುಟುಂಬದ ಮರ. ಅಂದರೆ ಇವತ್ತು ಮಳೆಗಾಗಿ ಬಾಯಿಬಿಡುವ ಗುಜರಾತಿನಲ್ಲಿ ಅಂದು ಆಗುಂಬೆಯಂಥ ಕಾಡಿತ್ತು. ಆ ಮಳೆ ಬಹುಮಟ್ಟಿಗೆ ನಮ್ಮ ಮುಂಗಾರಿನ ಹಾಗೆ ನಾಲ್ಕು ತಿಂಗಳು ಸುರಿದು ಸುಮ್ಮನಾಗುವ ಮಳೆಯಲ್ಲ, ಸಮಭಾಜಕದ ನಾಡುಗಳಲ್ಲಿ ವರ್ಷವಿಡೀ ಬೀಳುವಂಥದ್ದು. ಭಾರತ ಉತ್ತರಕ್ಕೆ ಸರಿದು, ಹಿಮಾಲಯ ಎದ್ದು, ಮುಂಗಾರು ಬಲಿತ ಮೇಲೆ ಆ ನಿತ್ಯಹಸಿರು ಕಾಡು ಕುಗ್ಗುತ್ತ ಕುಗ್ಗುತ್ತ ಘಟ್ಟದ ಅಂಚಿಗೆ ಬಂದು ನಿಂತಿತು. ಜೋಗದ ಆಚೆ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು ಅದರ ಉಳಿಕೆ. ವರ್ಷಪೂರ್ತಿ ಒದ್ದೆಯಿರುವ ನೆಲ ಬೇಕಾದ ಮರಗಳು ಅವು, ಬೇಸಿಗೆಯಲ್ಲೂ ಒಸರು ಬತ್ತದ ಕೊಳ್ಳಗಳಲ್ಲಷ್ಟೇ ಬದುಕಿವೆ, ಬೇರನ್ನು ಮಂಡಿಯ ಹಾಗೆ ಕೆಸರಿನಿಂದ ಮೇಲೆತ್ತಿ ಉಸಿರಾಡಿಕೊಂಡು.

ಆ ಬಿಸಿ, ಆ ಮಳೆ, ಗಾಳಿಯಲ್ಲಿ ಅಷ್ಟು ಇಂಗಾಲದ ಡೈಆಕ್ಸೈಡ್, ಜೊತೆಗೆ ಈಗ ಧಾರಾಳವಾಗಿ ಆಮ್ಲಜನಕ: ಬಂಡೆ ಕೊಳೆಯಲು ಇದಕ್ಕಿಂತ ಅನುಕೂಲ ಬೇಕೇ? ಹುಳಿ ನೀರು ನೈಸ್‌ನೊಳಗಿನ ಫೆಲ್ಡ್‌ಸ್ಪಾರ್ ಖನಿಜವನ್ನು ಒಡೆದು ಜೇಡಿಯಾಗಿಸಿತು, ಅದೇ ಶೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲ ಕರಗಿ ಹೊಳೆಯ ಪಾಲು. ಹೋಗಲಾರದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. 1801ರಲ್ಲಿ ನಗರ, ಇಕ್ಕೇರಿಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ, ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದರೆ ಗಟ್ಟಿಯಾಗುವ ಗುಣವನ್ನು ಬರೆದಿಟ್ಟ. ಹೊಸದಾಗಿ ಕಡಿದ ಜಂಬಿಟ್ಟಿಗೆಯ ಮೈಯಲ್ಲಿ ಹುಳ ಕೊರೆದಂಥ ಸಣ್ಣ ಕೊಳವೆಗಳಿರುತ್ತವೆ, ತುಂಬ ಹಳದಿ ಇಲ್ಲವೆ ಬಿಳಿ ಜೇಡಿ. ಎರಡು ಮಳೆಗಾಲ ಕಳೆದರೆ ಜೇಡಿ ತೊಳೆದುಹೋಗಿ ತೂತುಗಳು ಬರಿದಾಗುತ್ತವೆ, ಸುತ್ತಲಿನ ಕಬ್ಬಿಣದ ಗೋಡೆ ಕಾಫಿಬೀಜದ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಇದಕ್ಕೆಷ್ಟು ವಯಸ್ಸು ಎಂದು ಬಹುಕಾಲ ಯಾರಿಗೂ ಹೇಳಲಾಗಿರಲಿಲ್ಲ. ಸಂಡೂರಿನ ಜಂಬಿಟ್ಟಿಗೆಯೊಳಗಿನ ಮ್ಯಾಂಗನೀಸ್ ಖನಿಜದಲ್ಲಿ ಸಿಕ್ಕಿಕೊಂಡ ಆರ್ಗಾನ್ ಅನಿಲವನ್ನು ಅಳೆದು 2014ರಲ್ಲಿ ಒಂದು ತಂಡ 3.6ರಿಂದ 2.6 ಕೋಟಿ ವರ್ಷ ಎಂಬ ಉತ್ತರ ಕೊಟ್ಟಿತು. ಕರ್ನಾಟಕದ ಇತರೆಡೆಯ ಮಾದರಿಗಳು ಅದನ್ನು 5 ಕೋಟಿ ವರ್ಷದಷ್ಟು ಹಿಂದಕ್ಕೂ ಒಯ್ದಿವೆ. ಮನೆ ಕಟ್ಟಲು ನಾವು ಕಡಿಯುವ ಕಲ್ಲು ಮುಂಗಾರು ಈಗಿನ ರೂಪಕ್ಕೆ ಬರುವ ಮೊದಲಿನ ಮಳೆಯಿಂದ ಆದದ್ದು.

ಬಂಡೆ ಕೊಳೆಯುವಾಗ ಗಾಳಿಗೆ ಏನಾಯಿತು ಎಂಬುದು ಇಲ್ಲಿಯ ಮುಖ್ಯ ಮಾತು. ಮಳೆನೀರಿನಲ್ಲಿ ಬೆರೆತ ಇಂಗಾಲದ ಡೈಆಕ್ಸೈಡ್ ಬೈಕಾರ್ಬೊನೇಟ್ ಆಗಿ, ಬಂಡೆಯಿಂದ ಕಿತ್ತುಕೊಂಡ ಕ್ಯಾಲ್ಸಿಯಂ ಜೊತೆ ಕಡಲಿಗೆ ಹೋಗುತ್ತದೆ. ಅಲ್ಲಿ ಚಿಪ್ಪಿನ ಜೀವಿಗಳು, ಹವಳಗಳು ಎರಡನ್ನೂ ಸೇರಿಸಿ ಸುಣ್ಣದ ಚಿಪ್ಪು ಕಟ್ಟುತ್ತವೆ. ಚಿಪ್ಪು ತಳಕ್ಕೆ ಬಿದ್ದು ಸುಣ್ಣಕಲ್ಲಾದರೆ ಆ ಇಂಗಾಲ ಕೋಟಿಗಟ್ಟಲೆ ವರ್ಷ ಗಾಳಿಗೆ ಮರಳುವುದಿಲ್ಲ. ಕೆಂಪು ಗುಡ್ಡವೆಂದರೆ ಗಾಳಿಯಿಂದ ಇಂಗಾಲ ಇಳಿಸಿದ ಕೆಲಸದ ಚರಟ. ದಖ್ಖನ್ ಲಾವಾ ಶಿಲೆ ಸಮಭಾಜಕದ ಮಳೆಗೆ ಸಿಕ್ಕಿ ಕೊಳೆತದ್ದೇ ಭೂಮಿ ತಣ್ಣಗಾಗಲು ಒಂದು ದೊಡ್ಡ ಕಾರಣ ಎಂದು ಡೆನ್ನಿಸ್ ಕೆಂಟ್ ಮತ್ತು ಜೊವಾನಿ ಮುಟ್ಟೋನಿ 2008ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಆದರೆ ತಳ್ಳಿಹಾಕುವಂಥ ವಾದವೂ ಅಲ್ಲ. 3.4 ಕೋಟಿ ವರ್ಷದ ಹಿಂದೆ ಅಂಟಾರ್ಕ್ಟಿಕಾದಲ್ಲಿ ಹಿಮದ ಹಾಸು ಕೂತಿತು. ಆ ಮೇಲೆ ತಂಪೇ ಹೆಚ್ಚು.

ತಂಪು ಎಂದರೆ ಮಲೆನಾಡಿಗೆ ಒಳ್ಳೆಯದು ಎಂದುಕೊಳ್ಳಬೇಕಿಲ್ಲ. 20,000 ವರ್ಷದ ಹಿಂದೆ ಹಿಮಯುಗ ಉತ್ತುಂಗದಲ್ಲಿದ್ದಾಗ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 190ರ ಆಸುಪಾಸಿಗೆ ಇಳಿದಿತ್ತು, ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಮಲ್ಪೆಯ ದೋಣಿಗಳು ಈಗ ಮೀನು ಹಿಡಿಯುವ ಜಾಗ ಆಗ ಒಣನೆಲ. ಮುಂಗಾರು ಸೊರಗಿತ್ತು, ನೀಲಗಿರಿಯ ಜೌಗುಮಣ್ಣಿನಲ್ಲಿ ಆ ಕಾಲದ್ದಾಗಿ ಸಿಗುವುದು ಹೆಚ್ಚಾಗಿ ಒಣಹವೆಗೆ ಒಗ್ಗಿದ ಹುಲ್ಲಿನ ಗುರುತು. ಆಮೇಲೆ ಮಳೆ ಮರಳಿತು, ಕಾಡು ಹಬ್ಬಿತು, ಮತ್ತೆ ಒಮ್ಮೆ ಹಿಂಜರಿಯಿತು. ಕಾರವಾರದ ಎದುರಿನ ಕಡಲ ತಳದಿಂದ ಕೆಸರಿನ ಕಂಬಗಳನ್ನು ತೆಗೆದು, ಕಾಳಿ ನದಿ ಹೊತ್ತು ತಂದ ಪರಾಗವನ್ನು ಎಣಿಸಿದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸುಮಾರು 3,500 ವರ್ಷದಿಂದೀಚೆಗೆ ಇಲ್ಲಿಯ ಹವೆ ಮೊದಲಿಗಿಂತ ಒಣಗಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರುವ ಆಗುಂಬೆಯ ಮಳೆಯನ್ನು ನಾವು ಅನಾದಿ ಎಂದುಕೊಂಡಿದ್ದೇವಲ್ಲ, ಅದು ಹೀಗೆ ಏರಿಳಿದು ಬಂದದ್ದು.

ಇಷ್ಟು ಕೇಳಿದವರು ಒಂದು ಮಾತು ಹೇಳಿಯೇ ಹೇಳುತ್ತಾರೆ: ಹಿಂದೆ ಇದಕ್ಕಿಂತ ಬಿಸಿ ಇತ್ತು, ಇದಕ್ಕಿಂತ ಹೆಚ್ಚು ಇಂಗಾಲ ಇತ್ತು, ಹಾಗಿದ್ದ ಮೇಲೆ ಈಗೇನು ಗಲಾಟೆ? ಮಾತು ಸುಳ್ಳಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಈಗ ದಶಲಕ್ಷಕ್ಕೆ 420ನ್ನು ದಾಟಿದೆ, 5 ಕೋಟಿ ವರ್ಷದ ಹಿಂದಿನ ಅಂದಾಜಿನ ಅರ್ಧಕ್ಕೂ ಕಡಿಮೆ. ಆದರೆ ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳ ಪ್ರಕಾರ ಕೈಗಾರಿಕೆಗಳು ಬರುವ ಮೊದಲು 8 ಲಕ್ಷ ವರ್ಷದಲ್ಲಿ ಅದು ಒಮ್ಮೆಯೂ ದಶಲಕ್ಷಕ್ಕೆ 300ಕ್ಕಿಂತ ಮೇಲೆ ಹೋಗಿಲ್ಲ. ನಾವು, ನಮ್ಮ ಬತ್ತ, ಅಡಿಕೆ, ಮೆಣಸು ಎಲ್ಲ ಒಗ್ಗಿಕೊಂಡದ್ದು ಆ ಅಳತೆಗೆ. ಹಿಂದಿನ ಕಾಲದಲ್ಲಿ ಇದಕ್ಕೆ ಹತ್ತಿರದ ಘಟನೆ ಹುಡುಕಿದರೆ 5.6 ಕೋಟಿ ವರ್ಷದ ಹಿಂದಿನದೊಂದು ಸಿಗುತ್ತದೆ. ಕೆಲವು ಸಾವಿರ ವರ್ಷದಲ್ಲಿ ಅಪಾರ ಇಂಗಾಲ ಗಾಳಿಗೆ ಸೇರಿ ಭೂಮಿ 5–6 ಡಿಗ್ರಿ ಬಿಸಿಯಾಯಿತು. ಆಗ ವರ್ಷಕ್ಕೆ ಸೇರಿದ್ದು ಹೆಚ್ಚೆಂದರೆ 110 ಕೋಟಿ ಟನ್ ಇಂಗಾಲ ಎಂದು 2016ರ ಒಂದು ಲೆಕ್ಕ ಹೇಳುತ್ತದೆ. ಈಗ ನಾವು ಸೇರಿಸುತ್ತಿರುವುದು ವರ್ಷಕ್ಕೆ ಸುಮಾರು 1,000 ಕೋಟಿ ಟನ್. ಅಂದು ಬಂಡೆ ಕೊಳೆತು, ಕಡಲು ಸುಣ್ಣ ಕಟ್ಟಿ ಗಾಳಿ ಮೊದಲಿನ ಹದಕ್ಕೆ ಬರಲು ಒಂದೂವರೆ ಎರಡು ಲಕ್ಷ ವರ್ಷ ಹಿಡಿಯಿತು.

ಅಷ್ಟು ಕಾಯಲಾಗದವರು ಈಗ ಬಂಡೆಯನ್ನೇ ಪುಡಿಮಾಡಿ ಹೊಲಕ್ಕೆ ಹರಡಿ ಬೇಗ ಕೊಳೆಸಲು ಹೊರಟಿದ್ದಾರೆ. ಭಾರತದ ಸಣ್ಣ ರೈತರ ಹೊಲಗಳಲ್ಲಿ ಲಾವಾ ಶಿಲೆಯ ಪುಡಿ ಹರಡುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್‌ನ 5 ಕೋಟಿ ಡಾಲರ್ ಬಹುಮಾನ ಬಂತು. ಉಪಾಯ ಒಳ್ಳೆಯದು, ಭೂಮಿಯ ಗಾಳಿಯ ಲೆಕ್ಕಕ್ಕೆ ಎಷ್ಟು ಜಮೆಯಾದೀತು ಎಂಬುದರಲ್ಲಿ ನನಗೆ ಅನುಮಾನವಿದೆ. ನಮ್ಮಲ್ಲೂ ಅಡಿಕೆ ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಗುಡ್ಡದ ಮಣ್ಣು ತಂದು ಏರಿಸುವ ರೂಢಿಯಿದೆಯಷ್ಟೆ. ಆ ಮಣ್ಣಿಗೆ ಇಂಗಾಲ ಹಿಡಿಯುವ ಶಕ್ತಿ ಉಳಿದಿಲ್ಲ; ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂದೋ ಕಡಲು ಸೇರಿವೆ, ಮಣ್ಣು ಹುಳಿಯಾಗಿ ಕೂತಿದೆ. ಹುಳಿ ಮುರಿಯಲು ತೋಟಕ್ಕೆ ಸುಣ್ಣ ಹಾಕುತ್ತೇವೆ. ಕರಾವಳಿಯಿಂದ ಬರುವ ಚಿಪ್ಪಿನ ಸುಣ್ಣವಾದರೆ ಅದರ ಕ್ಯಾಲ್ಸಿಯಂನಲ್ಲಿ ಒಂದು ಪಾಲು ಈ ಘಟ್ಟದ್ದೇ ಇರಬಹುದು. ಗೂಡಿನಲ್ಲಿ ಚಿಪ್ಪು ಸುಡುವಾಗ ಹೊಗೆಯ ಜೊತೆ ಹೊರಬೀಳುವುದು ಅದೇ ಇಂಗಾಲದ ಡೈಆಕ್ಸೈಡ್.